ನೀರಡಿಕೆಯ ಧಾಟಿ

ಲಕ್ಷ್ಮೇಶ್ವರದ ಮಾಶಾಕ ಹೊಟ್ಟೆಪಾಡಿಗೆ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಆದರೆ ಊರು ಅವನನ್ನು ಗುರುತಿಸುತ್ತಿದ್ದುದು ಗಂಟಲಿನಿಂದ. ಮೊಹರಮ್ಮಿನ ಕೊನೆಯ ದಿನ ಹಸ್ತದಾಕಾರದ ಪಂಜಾಗಳನ್ನು ಹೊತ್ತು ಕೆರೆಗೆ ಹೋಗುವಾಗ, ಕರ್ಬಲಾದಲ್ಲಿ ನೀರಿಲ್ಲದೆ ಒದ್ದಾಡಿದ ಮಕ್ಕಳ ಹಾಡನ್ನು ಅವನೇ ಎತ್ತಿಕೊಡಬೇಕು, ಹಿಂದಿನವರು ಹಿಡಿಯಬೇಕು. ಆ ಧಾಟಿ ಅವನ ಅಜ್ಜನದು. ಬೇರೆ ದಿನ ಅದನ್ನು ಗುನುಗಿದರೂ ತಾಯಿ ಫಕೀರಬಿ ಗದರುತ್ತಿದ್ದಳು.

ಆಕೆಗೆ ಅದು ಬರೀ ಹಾಡಲ್ಲ. ಮಾಶಾಕನ ತಮ್ಮ ಚಿಕ್ಕವನಿದ್ದಾಗ ವಾಂತಿಭೇದಿಗೆ ಬಿದ್ದ. ನೀರು ಕೊಟ್ಟರೆ ಕೂಸು ಉಳಿಯುವುದಿಲ್ಲ ಎಂದು ಬಲ್ಲವರೆಲ್ಲ ಹೇಳಿದರು. ಏನು ಬಲ್ಲವರೋ, ಹಾಳಾದವರು. ಫಕೀರಬಿ ಕೊಡಲಿಲ್ಲ. ಕೂಸು ನೀರು ನೀರು ಎನ್ನುತ್ತಲೇ ಹೋಯಿತು. ಅಂದು ಕಲ್ಲಿನಂತೆ ಕೂತಿದ್ದವಳು, ಮುಂದಿನ ಮೊಹರಮ್ಮಿನಲ್ಲಿ ಮೆರವಣಿಗೆ ಬಾಗಿಲಿಗೆ ಬಂದು ಆ ಹಾಡು ಕಿವಿಗೆ ಬಿದ್ದಾಗ ಗೋಡೆ ಹಿಡಿದುಕೊಂಡು ಅತ್ತಳು. ಅಲ್ಲಿಂದ ಪ್ರತಿ ವರ್ಷವೂ ಹಾಗೆಯೇ. ಬೇರೆ ದಿನ ಆಕೆಯ ಕಣ್ಣಲ್ಲಿ ಹನಿ ಕಂಡವರಿಲ್ಲ. ಮೆರವಣಿಗೆಯವರೂ ಅದನ್ನರಿತು ಆ ಬಾಗಿಲಲ್ಲಿ ಎರಡು ನುಡಿ ಹೆಚ್ಚಿಗೆ ಹಾಡಿಯೇ ಮುಂದೆ ಹೋಗುತ್ತಿದ್ದರು.

ಎಂಬತ್ತರ ದಶಕ ಬಂತು, ಚಹಾದ ಅಂಗಡಿಗಳಿಗೆಲ್ಲ ಟೇಪ್‌ರೆಕಾರ್ಡರ್ ಬಂತು. ಬೆಟಗೇರಿಯ ನೇಕಾರ ಪ್ರಭುದಾಸನಿಗೆ ಯೇಸುವಿನ ಹಾಡುಗಳ ಕ್ಯಾಸೆಟ್ ತೆಗೆಯುವ ಹುಚ್ಚು ಹಿಡಿಯಿತು. ಮಾಶಾಕನನ್ನು ಹುಡುಕಿಕೊಂಡು ಬಂದ.

"ಚರ್ಚಿನ್ಯಾಗ ನಾವು ಹಾಡೂವು ಪರದೇಶದ ಧಾಟಿರಿ. ಕೇಳಿದ್ರ ನಿದ್ದಿ ಬರ್ತೈತಿ. ನಮ್ಮ ಮಂದಿ ಎದಿಗೆ ತಾಕೂವಂಥ ಧಾಟಿ ಕೂಡಿಸಿಕೊಡ್ರಿ."

ಮಾಶಾಕ ಕೂಡಿಸಿಕೊಟ್ಟ. ಒಂದು ಹಾಡು ಮಾತ್ರ ಯಾವ ಧಾಟಿಗೂ ಬಗ್ಗಲಿಲ್ಲ. ಶಿಲುಬೆಯ ಮೇಲೆ ಯೇಸು ನೀರಡಿಸಿ ಒದ್ದಾಡುವ ಹಾಡು ಅದು. ಸಾಲುಗಳನ್ನು ಬಾಯಲ್ಲಿ ಹೊರಳಿಸುತ್ತಿದ್ದಂತೆ ಗಂಟಲು ತಾನಾಗಿಯೇ ಅಜ್ಜನ ಧಾಟಿ ಹಿಡಿಯಿತು. ಪ್ರಭುದಾಸ ಕಣ್ಣೊರೆಸಿಕೊಂಡ.

"ಇದು ಯಾರ ಧಾಟಿರಿ?"

"ನಮ್ಮ ಮನೀದು," ಎಂದ ಮಾಶಾಕ. ತಾಯಿಯನ್ನು ಒಂದು ಮಾತು ಕೇಳಲಿಲ್ಲ. ನೀರಡಿಕೆಗೆ ಯಾವ ಜಾತಿ ಅಂದುಕೊಂಡ. ಅಂದುಕೊಂಡದ್ದು ತಪ್ಪೆಂದು ನಾನೂ ಹೇಳಲಾರೆ.

ಹುಬ್ಬಳ್ಳಿಯಲ್ಲಿ ಢೋಲಕ್ಕು, ಕ್ಯಾಸಿಯೋ ಕೀಬೋರ್ಡು ಸೇರಿಸಿ ರೆಕಾರ್ಡ್ ಮಾಡಿಸಿದರು. ಕ್ಯಾಸೆಟ್ ಬಂದದ್ದೇ ತಡ, ಮುಂಡರಗಿಯ ಬಸ್‌ಸ್ಟ್ಯಾಂಡಿನಲ್ಲಿ ಅದೇ ಹಾಡು, ಶಿರಹಟ್ಟಿಯ ಸಂತೆಯಲ್ಲಿ ಅದೇ ಹಾಡು. ಯೇಸು ಯಾರೆಂದು ತಿಳಿಯದವರೂ ಚಹಾ ಕುಡಿಯುತ್ತ ಗುನುಗಿದರು. ಇತ್ತ ಪ್ರಭುದಾಸನ ಚರ್ಚಿನ ಹಿರಿಯರೊಬ್ಬರು ಮುಳಗುಂದದ ಮೊಹರಮ್ಮು ಕಂಡವರು. ಲಕ್ಷ್ಮೇಶ್ವರದ ಹಾಡು ಅಲ್ಲಿಗೂ ಹೋಗಿತ್ತು. ಅವರು ಕಿವಿಗೊಟ್ಟು ಕೇಳಿ, "ಇದು ಪಂಜಾದ ಮುಂದ ಹಾಡೂದು. ಪ್ರಾರ್ಥನಿಗೆ ಬ್ಯಾಡ," ಎಂದುಬಿಟ್ಟರು. ಚರ್ಚಿನಲ್ಲಿ ಅದು ನಿಂತಿತು, ಚಹಾದ ಅಂಗಡಿಯಲ್ಲಿ ನಿಲ್ಲಲಿಲ್ಲ. ಮಂದಿಯ ಬಾಯಿಗೆ ಬೀಗ ಹಾಕುವವರು ಯಾರು?

ಆ ವರ್ಷದ ಮೊಹರಮ್ಮಿನಲ್ಲಿ ಪಂಜಾಗಳು ಫಕೀರಬಿಯ ಬಾಗಿಲಿಗೆ ಬಂದವು. ಆಕೆ ಗೋಡೆಗೆ ಕೈಯೂರಿ ನಿಂತಿದ್ದಳು. ಮಾಶಾಕ ಎತ್ತಿಕೊಟ್ಟ. ಹಿಂದಿನವರು ಹಿಡಿದರು. ಆದರೆ ವರ್ಷವಿಡೀ ಕ್ಯಾಸೆಟ್ ಕೇಳಿದ ಬಾಯಿಗಳು; ಅರ್ಧ ಮಂದಿಯ ಬಾಯಲ್ಲಿ ಯೇಸುವಿನ ಸಾಲು ಬಂತು. ಬೇಕೆಂದು ಯಾರೂ ಹಾಡಲಿಲ್ಲ. ಯಾರೋ ಕಿಸಕ್ಕನೆ ನಕ್ಕರು, ಇನ್ಯಾರೋ ಬೈದರು. ಹಲಗೆಯ ಬಡಿತ ನಿಂತಿತು.

ಮೆರವಣಿಗೆಯ ಹಿರಿಯ ಕರೀಮಸಾಬ ಮುಂದೆ ಬಂದ. "ನಿನ್ನ ಮ್ಯಾಲೆ ಸಿಟ್ಟಿಲ್ಲೋ ಮಾಶಾಕ. ಆದ್ರ ಈ ಧಾಟಿ ಕೆಟ್ಟೋತು. ಇನ್ನ ಮ್ಯಾಲೆ ಬ್ಯಾಡ. ಬ್ಯಾರೆ ಎತ್ತು."

ಮಾಶಾಕ ಬೇರೆ ಎತ್ತಿದ. ಮೆರವಣಿಗೆ ಮುಂದೆ ಹೋಯಿತು.

ಸಂಜೆ ಮನೆಗೆ ಬಂದಾಗ ಫಕೀರಬಿ ಹೊಸ್ತಿಲಲ್ಲೇ ಕೂತಿದ್ದಳು. ಕಣ್ಣು ಒಣಗಿದ್ದವು.

"ಮುಂದಿನ ವರ್ಷ?"

"ಮುಂದಿನ ವರ್ಷನೂ ಇಲ್ಲಮ್ಮಾ. ತಪ್ಪು ನಂದು." ಅವನಿಗೆ ತಡೆಯಲಾಗಲಿಲ್ಲ. "ನಾ ಮನ್ಯಾಗ ಹಾಡ್ತೀನಿ. ನಿನಗ ಒಬ್ಬಾಕಿಗೆ. ಈಗ ಹಾಡ್ಲೇನು?"

"ಬ್ಯಾಡ," ಎಂದಳು ಫಕೀರಬಿ. "ಊರ ಮಂದಿ ಆ ಮಕ್ಕಳಿಗೆ ಅಳತಿದ್ರು, ನಡುವ ನಂದೂ ಒಂದು ಕೂಸು ಸೇರಿಸಿ ಅಳತಿದ್ದೆ. ಒಬ್ಬಾಕಿನ ಕುಂತು ಅಳಾಕ ನನಗ ಯಾವ ಬಾಯಿ ಐತೋ? ನೀರು ಕೊಡದಾಕಿ ನಾನಽ ಅಲ್ಲೇನು?"

ಎದ್ದು ಒಲೆಯ ಕಡೆಗೆ ಹೋದಳು. ಆಮೇಲೆ ಬದುಕಿದ್ದಷ್ಟು ವರ್ಷ ಆಕೆ ಅತ್ತದ್ದನ್ನು ಯಾರೂ ನೋಡಲಿಲ್ಲ.