ಗಂಟು ನೋಡುವ ಹೊತ್ತು

ಪಕ್ಕದ ಖಾಲಿ ಜಾಗದಲ್ಲಿ ಮನೆ ಏಳುತ್ತಿದೆ. ಬೆಳಿಗ್ಗೆ ಕಿಟಕಿ ತೆಗೆದರೆ ಒದ್ದೆ ನಾರಿನ ಹಗ್ಗದ ವಾಸನೆ. ನಿಮಗಾದರೆ ಬಾವಿಕಟ್ಟೆ ನೆನಪಾದೀತು. ನಾನು ಕಿಟಕಿ ಮುಚ್ಚಿದೆ. ಕಾಫಿ ಲೋಟ ಹಾಗೇ ಇಟ್ಟುಬಿಟ್ಟೆ.

ಐವತ್ತರ ದಶಕದ ಕೊನೆ. ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು ಶಾಲೆ ಕಟ್ಟಿಸುತ್ತಿದ್ದ ಕಂತ್ರಾಟುದಾರರ ಬಳಿ ನಾನು ಉಸ್ತುವಾರಿಗಿದ್ದೆ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಗಡಿಯಾರ, ತಲೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬುದ್ಧಿ. ಆಳಿನ ಖರ್ಚು ಇಳಿಸಬೇಕೆಂಬುದು ಅವರ ಆಸೆ; ಇಳಿಸಿ ಭೇಷ್ ಅನ್ನಿಸಿಕೊಳ್ಳಬೇಕೆಂಬುದು ನನ್ನದು.

ಗೋಡೆ ಎತ್ತರವಾದಂತೆ ಗಾರೆಯವರು ನಿಲ್ಲಲು ಬಿದಿರಿನ ಸಾರುವೆ ಕಟ್ಟುತ್ತಾರಲ್ಲ, ಸೊರಬದಲ್ಲಿ ಅದರ ಮೆಟ್ಟಿಲ ಮೇಲೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಗಾರೆ ಬಾಣಲಿಗಳನ್ನು ಕೈಯಿಂದ ಕೈಗೆ ದಾಟಿಸಿದೆ. ಎಷ್ಟೋ ಆಳು ಉಳಿಯಿತು. ಅಷ್ಟಕ್ಕೇ ಸುಮ್ಮನಿರಬಾರದಿತ್ತೆ?

ಸಾರುವೆ ಕಟ್ಟಿದ್ದವನು ಶಿಕಾರಿಪುರದ ಮೇಸ್ತ್ರಿ ಫಕೀರಪ್ಪ. ದಿನಾ ಬೆಳಿಗ್ಗೆ ಒಬ್ಬನೇ ಹತ್ತಿ, ಒಂದೊಂದು ಗಂಟನ್ನೂ ಮುಟ್ಟಿ ನೋಡಿ ಬಿಗಿದು, ಹಲಗೆಗಳನ್ನು ಹಿಮ್ಮಡಿಯಿಂದ ಗುದ್ದಿ ನೋಡುತ್ತಿದ್ದ. ಅವನು ಇಳಿಯುವ ತನಕ ಯಾರೂ ಹತ್ತುವಂತಿಲ್ಲ. ಅಷ್ಟೂ ಹೊತ್ತು ಮಿಕ್ಕವರು ಎಲೆಯಡಿಕೆ ಮೆಲ್ಲುತ್ತ ಕೂತಿರುವುದನ್ನು ಕಂಡು ನನಗೆ ಮೈಯೆಲ್ಲ ಉರಿ. ವಾರಕ್ಕೊಮ್ಮೆ ನೋಡಿದರೆ ಸಾಲದೇ ಎಂದೆ.

“ಹಗ್ಗ ದಿನಾ ಒಂದೇ ತರ ಇರಂಗಿಲ್ರೀ. ನಿನ್ನೆ ಬಿಗಿದಿದ್ದು ಇವತ್ತಿಗಲ್ರೀ,” ಅಂದ.

ಎದುರು ಮಾತಾಡುತ್ತಾನೆಂದು ಅವನನ್ನು ಶಿಕಾರಿಪುರದ ಕೆಲಸಕ್ಕೆ ಸಾಗಹಾಕಿದೆ. ಮರುದಿನದಿಂದ ಸೂರ್ಯ ಹುಟ್ಟುತ್ತಲೇ ಕೆಲಸ ಶುರು. ಕಂತ್ರಾಟುದಾರರು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಒಂದು ಮಳೆ ಬಂದು ಹೋಯಿತು. ಆಮೇಲೆ ನಾಲ್ಕು ದಿನ ಸುಡು ಬಿಸಿಲು. ಒದ್ದೆಯಲ್ಲಿ ಬಿಗಿದುಕೊಂಡಿದ್ದ ಹಗ್ಗ ಒಣಗಿ ಸಡಿಲಾಗಿ, ಮೇಲಿನ ಹಲಗೆ ಹೊತ್ತಿದ್ದ ಅಡ್ಡಬಿದಿರು ಕಳಚಿಕೊಂಡಿತು. ಆ ಹಲಗೆಯ ಮೇಲೆ ಬಾಣಲಿ ಹಿಡಿದು ನಿಂತಿದ್ದವಳು ಗೌರವ್ವ. ಕೆಳಗಿನ ಕಲ್ಲಿನ ರಾಶಿಯ ಮೇಲೆ ಬಿದ್ದಳು. ಮತ್ತೆ ಏಳಲಿಲ್ಲ.

ಗದ್ದೆಯಲ್ಲಿದ್ದ ಅವಳ ಗಂಡ ಕೆಸರುಗಾಲಲ್ಲೇ ಓಡಿ ಬಂದ. ಹೇಗೆ ಬಿದ್ದಳೆಂದು ಕೇಳಿದ. ಅಂಚಿಗೆ ಕಾಲಿಟ್ಟು ಜಾರಿದಳು ಎಂದುಬಿಟ್ಟೆ. ಸಡಿಲಾದ ಹಗ್ಗ ಕಂಡವರು ಅಲ್ಲೇ ಇದ್ದರು. ಕೂಲಿ ಹೋದೀತೆಂದು ಯಾರೂ ಬಾಯಿ ಬಿಡಲಿಲ್ಲ.

ಅವನು ಬಹಳ ಹೊತ್ತು ಅವಳ ತಲೆ ಸವರುತ್ತ ಕೂತಿದ್ದ. ಆಮೇಲೆ ಎದ್ದು ಬಂದು ನನಗೆ ಕೈಮುಗಿದ.

“ಅವ್ಳಿಗೆ ಯಾವಾಗ್ಲೂ ಅವಸರ ಸ್ವಾಮಿ. ನಿಮ್ಮ ಕೆಲ್ಸ ನಿಂತೋಯ್ತು. ತಪ್ಪಾಯ್ತು.”

ಮುಗಿದ ಆ ಕೈಗಳ ಎದುರು ನಾನು ತಲೆ ಆಡಿಸಿದೆ. ಕ್ಷಮಿಸಿದವನ ಹಾಗೆ! ನನ್ನ ನಾಲಿಗೆ ಸೇದಿಹೋಗಬೇಕಿತ್ತು.

ಅವನೂ ಈಗಿಲ್ಲವಂತೆ. ಹೆಂಡತಿಯದೇ ತಪ್ಪೆಂದು ನಂಬಿಕೊಂಡೇ ಹೋದ. ಹೇಳಬೇಕಾದವನಿಗೆ ಹೇಳಲಾಗಲಿಲ್ಲ, ಇವತ್ತು ನಿಮಗೆ ಹೇಳುತ್ತಿದ್ದೇನೆ. ಗೌರವ್ವ ಜಾರಲಿಲ್ಲ.