ಸುಭಾಷ ಮಾಸ್ತರರ ಚಿರತೆ

ಮುಂಡಗೋಡದ ಹೈಸ್ಕೂಲಿನಲ್ಲಿ ಸುಭಾಷ ರಾಠೋಡ ಮಾಸ್ತರರು ಚಿತ್ರಕಲೆ ಕಲಿಸತೊಡಗಿ ಇಪ್ಪತ್ತೆರಡು ವರ್ಷವಾಯಿತು. ಅದರಲ್ಲಿ ನಿಜವಾಗಿ ಕಲಿಸಿದ್ದೆಷ್ಟು ಎಂದು ಕೇಳಬಾರದು. ಚಿತ್ರಕಲೆಯ ಪಿರಿಯಡ್ಡು ದಿನದ ಕೊನೆಗಿರುತ್ತದೆ. ಪರೀಕ್ಷೆ ಹತ್ತಿರ ಬಂದರೆ ಅದನ್ನು ಗಣಿತದವರು ಒಯ್ಯುತ್ತಾರೆ, ದೂರವಿದ್ದರೆ ವಾರ್ಷಿಕ ಗ್ಯಾದರಿಂಗಿನ ತಾಲೀಮು ಒಯ್ಯುತ್ತದೆ. ಮಾಸ್ತರರ ಪಾಲಿಗೆ ಉಳಿಯುವುದು ಗೋಡೆ. ಬಿಸಿಯೂಟದ ಕೋಣೆಯ ಮೇಲಿನ ಗಜ್ಜರಿ, ಬದನೆಕಾಯಿ ಅವರವೇ. ಸೂಟಿ ಬಿದ್ದರೆ ದಾಂಡೇಲಿ, ಜೋಯಿಡಾ ಕಡೆಯ ರಿಸಾರ್ಟುಗಳಿಗೆ ಹೋಗಿ ಮಂಗಟ್ಟೆ ಹಕ್ಕಿ, ಕರಿಚಿರತೆ ಬರೆದು ಬರುತ್ತಿದ್ದರು. ಕಾಡಿನಲ್ಲಿರುವುದಕ್ಕಿಂತ ಹೆಚ್ಚು ಚಿರತೆಗಳನ್ನು ತಾವು ಬರೆದಿರುವುದಾಗಿ ಅವರದೇ ಒಂದು ಅಂದಾಜು. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ.

ಧಾರವಾಡದ ಪ್ರದರ್ಶನವೊಂದಕ್ಕೆ ಮೂರು ಸಲ ಚಿತ್ರ ಕಳಿಸಿದ್ದರು, ಮೂರೂ ಮರಳಿ ಬಂದಿದ್ದವು. ಮೂರನೆಯದರ ಬೆನ್ನಿಗೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: "ರೇಖೆ ಶುದ್ಧ. ಜೀವ ಇಲ್ಲ." ಮನೆಯಲ್ಲಿ ಡಜನ್‌ಗಟ್ಟಲೆ ರಬ್ಬರುಗಳಿದ್ದರೂ ಆ ಸಾಲನ್ನು ಅಳಿಸಲು ಮಾಸ್ತರರಿಗೆ ಕೈ ಬಂದಿರಲಿಲ್ಲ. ನಮ್ಮಂಥವರು ಹೊಗಳಿಕೆಯನ್ನು ಮರೆಯುತ್ತೇವೆ; ಬೈಗುಳಕ್ಕೆ ಚೌಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತೇವೆ.

ಹೀಗಿರುವಾಗ, ಅವರು ಲಂಬಾಣಿಯಲ್ಲಿ ಯಾಡಿ ಎಂದು ಕರೆಯುವ ತಾಯಿ ಶಾಂತಿಬಾಯಿ ಒಂದು ದಿನ ಕೇಳಿದಳು. ಸನವಳ್ಳಿ ಕಡೆಯ ತಾಂಡಾದಲ್ಲಿ ಅವಳ ಎರಡೆಕರೆ ಗೋವಿನಜೋಳದ ಹೊಲ. ಆ ವರ್ಷ ಮಂಗಗಳ ಹಾವಳಿ ವಿಪರೀತ.

"ಊರ ಮಂದಿ ಗ್ವಾಡಿಗೆಲ್ಲಾ ಚಿರತಿ ತೆಗೀತಿ. ನಿಮ್ಮ ಯಾಡಿ ಹೊಲಕ್ಕ ಒಂದ ಬ್ಯಾಡೇನ? ಮಂಗ್ಯಾ ಬಂದು ತೆನಿ ತಿಂದು ನನ್ನ ಮಾರಿ ನೋಡಿ ಹಲ್ಲ ಕಿಸೀತಾವು."

"ಗ್ವಾಡಿ ಮ್ಯಾಲ ತೆಗೆಯೂದು ಬ್ಯಾರೆ, ಯಾಡಿ. ಹೊಲದಾಗ ಗ್ವಾಡಿ ಎಲ್ಲೈತಿ?"

"ಕಾಡಾಗಿನ ಚಿರತಿಗೆ ಯಾರು ಗ್ವಾಡಿ ಕಟ್ಟಿಸಿ ಕೊಟ್ಟಾರ? ಅದು ನಿಂತಿಲ್ಲೇನ?"

ಮಾಸ್ತರರು ಬಿದಿರು ಸೀಳಿ ಚಿರತೆಯ ಹಂದರ ಕಟ್ಟಿದರು. ಕಪಾಟಿನಲ್ಲಿ ಕೊಳೆಯುತ್ತಿದ್ದ ಮಕ್ಕಳ ಹಳೆಯ ಚಿತ್ರಗಳನ್ನು, ಎರಡು ಗುಡ್ಡಗಳ ನಡುವೆ ಮೂಡುವ ಇಪ್ಪತ್ತು ವರ್ಷಗಳ ಸೂರ್ಯರನ್ನು, ಮೂರು ದಿನ ನೀರಿನಲ್ಲಿ ನೆನೆಸಿದರು. ಮೆಂತ್ಯದ ಹಿಟ್ಟು ಸೇರಿಸಿ ರುಬ್ಬಿ, ಹೆಂಗಸರು ಬುಟ್ಟಿಗೆ ಮೆತ್ತುತ್ತಾರಲ್ಲ, ಹಾಗೆ ಹಂದರಕ್ಕೆ ಮೆತ್ತಿದರು. "ಮನಿ ಅನ್ನೂದು ಮೆಂತ್ಯದ ಡಬ್ಬಿ ಆಗೇತಿ. ಹಾಲಿನಾಗೂ ಅದ ವಾಸನಿ," ಎಂದು ಹೆಂಡತಿ ದುರ್ಗಾ ಎರಡು ತಿಂಗಳು ಗೊಣಗಿದಳು.

ಚಿರತೆ ಹೇಗೆ ಕೂರುತ್ತದೆ ಎಂದು ಮಾಸ್ತರರಿಗೆ ಗೊತ್ತಿರಲಿಲ್ಲ. ಆದರೆ ಕೈಯಲ್ಲಿ ಕವಣೆ ಹಿಡಿದು, ಭುಜ ಮುಂದೆ ಮಾಡಿ, ಮಂಗನಿಗಾಗಿ ಹೊಂಚಿ ಕೂತ ತಾಯಿಯನ್ನು ಚಿಕ್ಕಂದಿನಿಂದ ನೋಡಿದ್ದರು. ಅದೇ ಭುಜವನ್ನು ಚಿರತೆಗೆ ಕೊಟ್ಟರು. ಕಣ್ಣಿಗೆ ಏನು ಹಾಕಿದರೂ ಸತ್ತ ಕಣ್ಣೇ. ಕೊನೆಗೆ ಶಾಂತಿಬಾಯಿಯೇ ತನ್ನ ಹಳೆಯ ಕಾಂಚಳಿ ರವಿಕೆಯಿಂದ ಎರಡು ಕನ್ನಡಿ ಬಿಲ್ಲೆ ಬಿಚ್ಚಿ ಕೊಟ್ಟಳು. ಅದರ ಮೇಲೆ ತೆಳ್ಳಗೆ ಹಳದಿ ಬಳಿದು, ನಡುವೆ ಕರಿ ಬೊಟ್ಟು ಇಟ್ಟರು. ಬಿಸಿಲಿಗೆ ಹಿಡಿದು ಎದುರಿನ ಗಿಡ ಅಲುಗಿದಾಗ ಆ ಕಣ್ಣಲ್ಲೂ ಏನೋ ಅಲುಗಿತು. ಮಾಸ್ತರರ ಮೈಮೇಲೆ ಮುಳ್ಳು ಎದ್ದವು.

ರವಿವಾರ ಅದನ್ನು ಹೊಲದ ಬದುವಿನ ಮೇಲೆ ಕೂಡಿಸಿ ಬಂದರು. ಮೂರು ದಿನ ಒಂದು ಮಂಗವೂ ಬರಲಿಲ್ಲ. ಮಂಗಗಳು ಜಾಣ ಜಾತಿ, ಒಂದೇ ಕಡೆ ಇದ್ದರೆ ಮೋಸ ತಿಳಿಯುತ್ತವೆ ಎಂದು ಶಾಂತಿಬಾಯಿ ದಿನಾ ಬೆಳಿಗ್ಗೆ ಅದನ್ನು ಹೊತ್ತು ಜಾಗ ಬದಲಿಸುತ್ತಿದ್ದಳು.

ಬುಧವಾರ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಮುಖ್ಯೋಪಾಧ್ಯಾಯ ಈಶಪ್ಪನವರ ಮೊಬೈಲಿನ ಸುತ್ತ ಮುತ್ತಿದ್ದರು. ಹಾಲಿನ ಗಾಡಿಯ ಅಜಯ ರಸ್ತೆಯಿಂದ ತೆಗೆದ ವಿಡಿಯೋ. ಗೋವಿನಜೋಳದ ನಡುವಿನ ಬಂಡೆಯ ಮೇಲೆ ಚಿರತೆ.

"ಕಣ್ಣ ಮಿಟಕಿಸ್ತು ನೋಡ್ರಿ!"

"ಭುಜಾ ಹೆಂಗ ಬಗ್ಗಿಸೇತಿ ನೋಡ್ರಿ. ಹಾರಾಕ ತಯಾರಾಗೇತಿ."

ಮಾಸ್ತರರು ಬಾಯಿ ತೆರೆದರು. ಅಷ್ಟರಲ್ಲಿ ಈಶಪ್ಪನವರು ತಿರುಗಿ, "ರಾಠೋಡ ಸರ, ಇಲ್ಲಿ ಬರ್ರಿ. ಗ್ವಾಡಿಗ್ವಾಡಿಗೆ ಚಿರತಿ ತೆಗೀತೀರಲ್ಲ, ಖರೇ ಚಿರತಿ ಹೆಂಗಿರತೈತಿ ನೋಡಿ ಕಲೀರಿ. ಜೀವಾ ಅಂದ್ರ ಇದು," ಎಂದರು.

ತೆರೆದ ಬಾಯಿ ಮುಚ್ಚಿತು. ಹೇಳಬೇಕಿತ್ತು, ಅದೇ ಗಳಿಗೆಯಲ್ಲಿ ಹೇಳಬೇಕಿತ್ತು. ಆದರೆ ಇಪ್ಪತ್ತೆರಡು ವರ್ಷ ಹಸಿದವನ ಎಲೆಗೆ ಹೋಳಿಗೆ ಬಿದ್ದಿದೆ, ಇನ್ನೊಂದು ತುತ್ತು ತಿಂದು ಕೈ ತೊಳೆಯೋಣ ಎನ್ನಿಸಿತು. "ಇನ್ನೊಮ್ಮೆ ತೋರಸ್ರಿ ಸರ," ಎಂದರು. ಮೂರು ಸಲ ನೋಡಿದರು. ಹೇಳುವುದು ನಾಳೆಗಾದರೂ ಆದೀತು ಎಂದುಕೊಂಡರು.

ನಾಲ್ಕನೆಯ ಸಲ ನೋಡುವಾಗ ಫೋನು ರಿಂಗಾಯಿತು. ಈಶಪ್ಪನವರು ಮಾತಾಡಿ ಇಟ್ಟರು.

"ಫಾರೆಸ್ಟಿನವರು ಬರಾಕ ಇನ್ನೂ ಒಂದ ತಾಸ ಬೇಕಂತ. ಅಲ್ಲೀಮಟಾ ಬಾಜೂ ಹೊಲದ ಕರಿಬಸಪ್ಪ ಸುಮ್ನ ಕುಂದ್ರತಾನೇನ? ಹಂದಿ ಓಡಿಸೂ ಬಂದೂಕ ತಗೊಂಡ ಹೋಗ್ಯಾನಂತ. ಇವತ್ತ ಅದರ ಕಥಿ ಮುಗೀತು."

ಹೋಳಿಗೆ ಗಂಟಲಲ್ಲಿ ನಿಂತಿತು. ಮಧ್ಯಾಹ್ನದ ಊಟವಾದ ಮೇಲೆ ಶಾಂತಿಬಾಯಿ ಚಿರತೆ ಎಲ್ಲಿದ್ದರೆ ಅದರ ಹಿಂದೆ, ಜೋಳದ ನೆರಳಲ್ಲಿ, ಗೋಣಿಚೀಲ ಹಾಸಿ ಮಲಗುತ್ತಿದ್ದಳು. ಅವಳಿಗೆ ಕಿವಿ ಮಂದ. ಮಾಸ್ತರರು ತಂದೆ ಲಾಲೂಗೆ ಫೋನು ಹಚ್ಚಿದರು. ಸ್ವಿಚ್ ಆಫ್. ಮತ್ತೆ ಹಚ್ಚಿದರು. ಸ್ವಿಚ್ ಆಫ್.

ಶಾಲೆಯ ಗೇಟಿನೆದುರು ಖಲೀಲನ ಗ್ಯಾರೇಜು. ಮಾಸ್ತರರು ಅವನ ಬೈಕಿನ ಹಿಂದೆ ಹತ್ತಿ ಕೂತೇ ಮಾತಾಡಿದ್ದು.

"ಸನವಳ್ಳಿ ಕಡೆ ಹೊಡಿ, ಖಲೀಲ. ಜಲ್ದಿ. ಆ ಚಿರತಿ ಖರೇದ್ದಲ್ಲ. ನಾ ಮಾಡಿದ್ದು."

ಖಲೀಲ ಗೇರು ಬದಲಿಸಿದ. "ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮಪ್ಪಂದು ಚಿತ್ರ ತೆಗೆದ ಕೊಟ್ಟಿದ್ರಲ್ಲ, ಮನ್ಯಾಗ ಹಾಕೇನಿ. ಬಂದವರು ಇವರು ಯಾರ ಸ್ವಾತಂತ್ರ್ಯ ಹೋರಾಟಗಾರರು ಅಂತ ಕೇಳ್ತಾರ. ಆ ವಿಡಿಯೋದಾಗಿಂದು ಚಿರತಿಯಂಗ ಐತ್ರಿ. ಅದು ನಿಮ್ಮ ಕೈಯಾಗಿಂದ ಬಂದಿರೂದಿಲ್ಲ ಬಿಡ್ರಿ."

"ಅದರ ಹಿಂದ ನಮ್ಮ ಯಾಡಿ ಮಲಗಿರತಾಳೋ!"

ಬೈಕು ಒಮ್ಮೆ ಓಲಾಡಿತು. ಖಲೀಲ ಗಾಡಿ ಇನ್ನಷ್ಟು ಜೋರು ಮಾಡಿದ. ತೆಗ್ಗು, ದಿಣ್ಣೆ ಯಾವುದನ್ನೂ ನೋಡಲಿಲ್ಲ.

ಹೊಲದ ರಸ್ತೆಗೆ ಐವತ್ತು ಅರವತ್ತು ಮಂದಿ ಸೇರಿದ್ದರು. ಅಷ್ಟು ಜನ ಸೇರಿದ ಕಡೆ ಅಷ್ಟು ನಿಶ್ಶಬ್ದವನ್ನು ಮಾಸ್ತರರು ಪ್ರಾರ್ಥನೆಯ ಹೊತ್ತಿಗೂ ಕಂಡಿರಲಿಲ್ಲ. ನೂರಿನ್ನೂರು ಹೆಜ್ಜೆಯಾಚೆ, ಹೊಲದ ಇನ್ನೊಂದು ಅಂಚಿನ ಬದುವಿಗೆ ಎದೆ ಹಚ್ಚಿ ಕರಿಬಸಪ್ಪ ಮಲಗಿದ್ದ. ಬಂದೂಕಿನ ನಳಿಗೆ ಬಂಡೆಯ ಕಡೆಗಿತ್ತು.

"ಕರಿಬಸಪ್ಪಾ!" ಮಾಸ್ತರರು ಕೂಗುವಷ್ಟರಲ್ಲಿ ಹಾಲಿನ ಅಜಯ ಬಂದು ಬಾಯಿ ಅದುಮಿದ.

"ಕೂಗಬ್ಯಾಡ್ರಿ ಸರ! ಮೈಮ್ಯಾಲ ಬೀಳತೈತಿ!"

ಮಾಸ್ತರರು ಅವನ ಕೈ ಕಿತ್ತೆಸೆದರು. "ಅದು ಕಾಗದದ್ದೋ. ಅದರ ಹಿಂದ ನಮ್ಮ ಯಾಡಿ ಅದಾಳ."

ಅಜಯನ ಮುಖ ಬೆಳ್ಳಗಾಯಿತು. ಪಕ್ಕದವನಿಗೆ ಹೇಳಿದ, ಅವನು ಆಚೆಯವನಿಗೆ ಹೇಳಿದ. ಕಾಗದದ ಮಾತು ಅಲ್ಲೇ ನೆಲಕ್ಕೆ ಬಿತ್ತು, ಮುದುಕಿಯ ಮಾತು ಮಾತ್ರ ಮುಂದೆ ಹೋಯಿತು. "ಶಾಂತಿಬಾಯಿನ್ನ ಹಿಡದೈತಂತ. ಮಗ ಬಂದಾನ, ಪಾಪ, ತಲಿ ಕೆಟ್ಟೈತಿ, ಏನೇನರ ಮಾತಾಡಾಕತ್ತಾನ." ಒಬ್ಬ ಟವೆಲು ಬೀಸಿ ಕರಿಬಸಪ್ಪನಿಗೆ ಹೊಡಿ ಹೊಡಿ ಎಂದು ಸನ್ನೆ ಮಾಡಿದ.

ಆಗಲೇ ಬಂಡೆಯ ಹಿಂದಿನ ಜೋಳದಲ್ಲಿ ಫಳಕ್ಕೆಂದು ಬೆಳಕು ಹೊಳೆಯಿತು. ಒಂದು, ಆಮೇಲೆ ಎರಡು.

"ಇನ್ನೊಂದ ಐತಲ್ಲೋ! ಕಣ್ಣ ನೋಡು!"

ಅದು ಯಾವ ಕಣ್ಣೂ ಅಲ್ಲ, ಮಲಗಿದವಳ ಎದೆಯ ಮೇಲಿನ ಕಾಂಚಳಿಯ ಕನ್ನಡಿಗಳು, ಅವಳು ಉಸಿರೆಳೆದಾಗ ಎಲೆಗಳ ಸಂದಿಯ ಬಿಸಿಲಿಗೆ ಹೊಳೆಯುತ್ತಿವೆ ಎಂದು ಅಷ್ಟು ಮಂದಿಯಲ್ಲಿ ಒಬ್ಬರಿಗೇ ಗೊತ್ತಿತ್ತು. ಕರಿಬಸಪ್ಪನ ನಳಿಗೆ ಬಂಡೆಯನ್ನು ಬಿಟ್ಟು ಮೆಲ್ಲಗೆ ಆ ಹೊಳಪಿನ ಕಡೆಗೆ ಸರಿಯಿತು.

ಮಾಸ್ತರರು ಹೊಲಕ್ಕೆ ಇಳಿದರು.

ಓಡಬೇಕೆಂದಿದ್ದರು. ಓಡಿದರೆ, ಕೂಗಿದರೆ ಕರಿಬಸಪ್ಪ ಗಾಬರಿಯಾಗಿ ಬಂದೂಕಿನ ಕುದುರೆ ಎಳೆದಾನು ಎಂದು ನಡೆದರು. ಕೈ ಮೇಲೆತ್ತಿ, ಬಂದೂಕಿಗೂ ಹೊಳಪಿಗೂ ನಡುವೆ ಬರುವಂತೆ ಅಡ್ಡ ನಡೆದರು. ಹಿಂದೆ ಯಾರೋ ಹೆಣ್ಣುಮಗಳು ಅಳತೊಡಗಿದಳು.

ನಲವತ್ತು ಹೆಜ್ಜೆ ಉಳಿದಾಗ ಮಾಸ್ತರರ ಕಾಲು ನಿಂತಿತು. ಚಿರತೆ ಅವರನ್ನು ನೋಡುತ್ತಿತ್ತು. ತಾವು ಕೂಡಿಸಿದ್ದು ಬದುವಿನ ಮೇಲೆ. ಇದು ಬಂಡೆಯ ಮೇಲಿದೆ. ತಾವು ಕತ್ತು ನೆಟ್ಟಗೆ ಮಾಡಿದ್ದರು. ಇದರ ಕತ್ತು ಒಂದು ಕಡೆ ವಾಲಿದೆ, ಬರುವವನನ್ನು ಅಳೆಯುವಂತೆ. ಹಳದಿ ಕಣ್ಣೊಳಗೆ ಏನೋ ಸರಿಯಿತು. ಯಾಡಿ ತಮ್ಮದನ್ನು ಬೇರೆ ಎಲ್ಲೋ ಇಟ್ಟು, ಇದು ಖರೇದ್ದೇ ಬಂದು ಕೂತಿದ್ದರೆ? ಇಷ್ಟು ಚೆಂದದ ಚಿರತೆಯನ್ನು ತಾವು ಮಾಡಿದ್ದು ಹೌದೆ? ಖಲೀಲನ ಮಾತು ನೆನಪಾಯಿತು. ಅವನ ತಂದೆಯ ಚಿತ್ರವೂ ನೆನಪಾಯಿತು. ನ್ಯಾಯವಾಗಿ ನೋಡಿದರೆ ಖಲೀಲನ ಸಂಶಯವೇ ಸರಿ ಎನ್ನಿಸಿತು.

ಹಿಂದೆ ತಿರುಗಿದರೆ ನಳಿಗೆಗೆ ದಾರಿ ಬಿಟ್ಟಂತೆ. ಇನ್ನೊಂದು ಹೆಜ್ಜೆ ಇಟ್ಟರು. ಮತ್ತೊಂದು. ಚಿರತೆಯಾದರೆ ಮೊದಲು ತಮ್ಮ ಮೇಲೆ ಬೀಳಲಿ, ಆ ಗದ್ದಲಕ್ಕಾದರೂ ಯಾಡಿಗೆ ಎಚ್ಚರವಾದೀತು. ಬಾಯಲ್ಲಿ "ಯಾಡಿ, ಯಾಡಿ" ಎನ್ನುತ್ತಲೇ ಇದ್ದರು.

ಹತ್ತು ಹೆಜ್ಜೆ ಇದ್ದಾಗ ಗಾಳಿ ಈ ಕಡೆ ತಿರುಗಿತು. ಗಮ್ಮೆಂದು ಮೆಂತ್ಯದ ವಾಸನೆ ಬಂತು.

ಹಿಂದಿನ ರಾತ್ರಿ ಮಳೆಯಾಗಿತ್ತು. ಬಣ್ಣ ಬಳಿಯದೆ ಬಿಟ್ಟ ಹೊಟ್ಟೆಯ ಕಡೆಯಿಂದ ನೀರು ಏರಿ ಕತ್ತು ವಾಲಿತ್ತು, ಅಷ್ಟೆ. ಮಾಸ್ತರರು ನುಗ್ಗಿದವರೇ ಚಿರತೆಯನ್ನು ಅಪ್ಪಿ ಹಿಡಿದು ತಲೆಯ ಮೇಲಕ್ಕೆ ಎತ್ತಿದರು. ರಸ್ತೆಯ ಮಂದಿ ಒಟ್ಟಿಗೆ ಚೀರಿದರು. ನೆನೆದ ಕುತ್ತಿಗೆ ತಾಳಲಿಲ್ಲ. ತಲೆ ಹರಿದು ಮಾಸ್ತರರ ಕಾಲ ಬಳಿ ಬಿತ್ತು. ಮುಂಡದ ಹರಿದ ಕುತ್ತಿಗೆಯಿಂದ ಬಿದಿರಿನ ಸೀಳುಗಳು, ಅರೆರುಬ್ಬಿದ ಕಾಗದ ಇಣುಕಿದವು. ಆ ಮುಂಡವನ್ನು ನಳಿಗೆಯ ಕಡೆಗೆ ಹಿಡಿದು ಮಾಸ್ತರರು ಅಲುಗಾಡಿಸಿದರು.

"ಕಾಗದಾ! ಕಾಗದಾ ಐತೋ, ಕರಿಬಸಪ್ಪಾ!"

ಅವರ ಬೆನ್ನ ಹಿಂದೆ ಜೋಳ ಸರಿಯಿತು. ಶಾಂತಿಬಾಯಿ ಕವಣೆ ಹಿಡಿದು ಎದ್ದು ನಿಂತಳು. ಕೆನ್ನೆಯ ಮೇಲೆ ಗೋಣಿಚೀಲದ ಗೆರೆಗಳು.

ಬದುವಿನ ಮೇಲೆ ಕರಿಬಸಪ್ಪ ಬಂದೂಕು ಕೆಳಗಿಟ್ಟ. ಎರಡೂ ಕೈಯಿಂದ ತಲೆ ಹಿಡಿದು ಕೂತುಬಿಟ್ಟ.

ಶಾಂತಿಬಾಯಿ ಮಗನನ್ನು ನೋಡಲಿಲ್ಲ. ನೆಲದ ಮೇಲಿನ ತಲೆಯನ್ನು ನೋಡಿದಳು. "ಮಂಗ್ಯಾನೂ ಮುಟ್ಟದ್ದನ್ನ ನೀನ ಹರದೆಲ್ಲೋ, ಮಾಸ್ತರಾ! ಕೊಯ್ಲಿಗೆ ಇನ್ನ ಹದಿನೈದ ದಿನಾ ಐತಿ. ಏನ ನೋಡಿ ತಿನ್ನೂದ ಬಿಡ್ತಾವ ಅವು, ನಿನ್ನ ಮಾರಿ ನೋಡೇನ?"

ಮಾಸ್ತರರು ಮುಂಡವನ್ನು ನೆಲಕ್ಕಿಟ್ಟರು. ಅಲ್ಲೇ ಕುಕ್ಕರಿಸಿದರು.

ಕರಿಬಸಪ್ಪ ಬರಿಗೈಲಿ ನಡೆದು ಬಂದ. ಮುದುಕಿಯ ಮುಖ ನೋಡಿದ, ಅವಳ ಎದೆಯ ಮೇಲಿನ ಕನ್ನಡಿಗಳನ್ನು ನೋಡಿದ, ನೆಲ ನೋಡಿದ.

"ಯಾಕೋ ಕರಿಬಸಪ್ಪಾ, ನಮ್ಮ ಹೊಲದಾಗ ಬಂದೂಕಿಂದೇನ ಕೆಲಸಾ?"

"ಹಂದಿ..." ಎಂದ ಕರಿಬಸಪ್ಪ. "ಹಂದಿ ಬಂದಾವಂದ್ರು, ಅವ್ವಾ."

ಮಾಸ್ತರರು, ಕರಿಬಸಪ್ಪ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಂದೀದಿ, ಹಂಗಾರ ಹಿಡಿ ಇದನ್ನ." ಶಾಂತಿಬಾಯಿ ಸೆರಗಿನ ತುದಿಗೆ ಸಿಗಿಸಿದ್ದ ಸೂಜಿ ತೆಗೆದಳು. ಗೋಣಿಚೀಲದ ದಾರ ಎಳೆದು ಪೋಣಿಸಿದಳು. ಮಗ ಮುಂಡ ಹಿಡಿಯಬೇಕು, ಕರಿಬಸಪ್ಪ ತಲೆ ಹಿಡಿಯಬೇಕು, ಅವಳು ಕುತ್ತಿಗೆ ಹೊಲಿಯಬೇಕು. ಹಸಿ ಕಾಗದ ಹರಿಯದಂತೆ ಒಳಗಿನ ಬಿದಿರಿಗೆ ಸೇರಿಸಿ, ಒತ್ತೊತ್ತಾಗಿ ಹೊಲಿಗೆ ಹಾಕಿದಳು. ಮಾಸ್ತರರ ಎರಡು ತಿಂಗಳ ಕೆಲಸದಲ್ಲಿ ಅಷ್ಟು ಗಟ್ಟಿಯಾದ ಜಾಗ ಇನ್ನೊಂದಿರಲಿಲ್ಲ.

"ಕೈ ಯಾಕ ನಡಗಸ್ತಿ?" ಅವಳು ಕರಿಬಸಪ್ಪನಿಗೆ ಗದರಿದಳು. "ಕಚ್ಚೂದಿಲ್ಲ ಅದು."

ರಸ್ತೆಯಲ್ಲಿ ಮಂದಿ ಇನ್ನೂ ನಿಂತೇ ಇದ್ದರು. ತಲೆ ಹರಿದದ್ದನ್ನು ಕಂಡೂ, ಕಾಗದ ಕಂಡೂ, ಹೊಲದೊಳಗೆ ಹೆಜ್ಜೆ ಇಡಲು ಒಬ್ಬರಿಗೂ ಧೈರ್ಯ ಬಂದಿರಲಿಲ್ಲ; ಖಲೀಲನೂ ಬೈಕಿನ ಮೇಲೆಯೇ ಕೂತಿದ್ದ. ಅಷ್ಟರಲ್ಲಿ ತಿರುವಿನಲ್ಲಿ ಫಾರೆಸ್ಟಿನವರ ಜೀಪು ಕಾಣಿಸಿತು. ಹಿಂದೆ ಬಲೆ, ಪಂಜರ, ನಾಲ್ಕು ಮಂದಿ ಗಾರ್ಡುಗಳು. ಊರನ್ನೇ ಹೆದರಿಸಿದವನು ಯಾರು ಎಂದು ಅವರು ಕೇಳುತ್ತಾರೆ. ಹೇಳಬೇಕು. ಈ ಸಲ ಹೇಳಿದರೆ ನಂಬುತ್ತಾರೆ. ಮಾಸ್ತರರು ಒಂದು ಕೈ ನೆಲಕ್ಕೂರಿ ಏಳಲು ಹೋದರು.

ಶಾಂತಿಬಾಯಿ ಅಂಗಿ ಹಿಡಿದು ಜಗ್ಗಿ ಕೂಡಿಸಿದಳು.

"ಎಲ್ಲಿಗೆ? ಗಟ್ಟಿ ಹಿಡಿ. ಇನ್ನ ನಾಕ ಹೊಲಿಗಿ ಐತಿ."