ಒಂಬತ್ತರಲ್ಲಿ ಒಂದಕ್ಕೆ ಹೆಸರಿರಲಿಲ್ಲ

ಜುಲೈ ಆರು, ಭಾನುವಾರ. ಬೆಳಿಗ್ಗೆ 6:40ಕ್ಕೆ ಬರೆಯಲು ಕುಳಿತೆ.

ನಮ್ಮ ಅಕ್ಕೋರ ಬಲಗೈ ತೋರುಬೆರಳು ನಡುಗೆಣ್ಣಿನಿಂದ ಕೆಳಕ್ಕೆ ಬಾಗಿತ್ತು. ಚಿಕ್ಕವರಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತ್ತಂತೆ. ಮೂಳೆ ಕೂಡಿಕೊಂಡಿತು, ನೆಟ್ಟಗಾಗಲಿಲ್ಲ. ಅದೇ ಬೆರಳಿನಿಂದ ಅವರು ಕಂಪ್ಯೂಟರ್ ಪರದೆಯ ಮೇಲೆ ನಮ್ಮ ತಪ್ಪುಗಳನ್ನು ತೋರಿಸುತ್ತಿದ್ದರು. ಬೆರಳು ಹದಿನಾಲ್ಕನೆಯ ಸಾಲಿನ ಮೇಲಿದ್ದರೆ ಅವರು ಮಾತಾಡುತ್ತಿದ್ದುದು ಹದಿಮೂರನೆಯ ಸಾಲಿನ ಬಗ್ಗೆ. ಹೊಸದಾಗಿ ಸೇರಿದವರು ಮೊದಲ ವಾರವೆಲ್ಲ ಸರಿಯಿದ್ದ ಸಾಲನ್ನು ಅಳಿಸಿ ಬೈಸಿಕೊಳ್ಳುತ್ತಿದ್ದರು. ನಾನು ಮೂರು ಸಲ ಬೈಸಿಕೊಂಡೆ.

ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಅಕ್ಕೋರು ಎನ್ನುತ್ತೇವೆ. ಅವರ ಕಂಪ್ಯೂಟರ್ ಸೆಂಟರ್ ಬೈಲಹೊಂಗಲದಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಅಟ್ಟದಲ್ಲಿತ್ತು. ಮೆಟ್ಟಿಲು ಹತ್ತೊಂಬತ್ತು, ಕಂಪ್ಯೂಟರ್ ಹತ್ತು, ಅವುಗಳಲ್ಲಿ ನಡೆಯುವವು ಏಳು. ಕೀಬೋರ್ಡುಗಳಿಗೆ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಅವರೇ ಹೊಲಿದ ಹೊದಿಕೆ. ಗೋಡೆಯ ಮೇಲೆ ಬುದ್ಧನ ಒಂದು ಚಿಕ್ಕ ಚಿತ್ರ, ಅದರ ಕೆಳಗೆ ಕಪ್ಪುಹಲಗೆ. ನಾವು ಹನ್ನೊಂದು ವಿದ್ಯಾರ್ಥಿಗಳು. ನಾನು ಸಂಗೊಳ್ಳಿಯಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದೆ.

ಹಲಗೆಯ ಮೇಲ್ತುದಿಯಲ್ಲಿ ಒಂದು ಸಾಲನ್ನು ಅವರು ಎಂದೂ ಒರೆಸುತ್ತಿರಲಿಲ್ಲ: "ಯಾರು? ಯಾರ ಪೈಕಿ? ಏನು ತಗೋತಾನ? ಏನು ಕೊಡ್ತಾನ?" ನಮ್ಮೂರುಗಳಲ್ಲಿ ಹೊಸಬರು ಬಂದರೆ ನೀರು ಕೊಡುವ ಮೊದಲೇ ಕೇಳುವ ಮಾತು ಇದು: ಯಾರ ಪೈಕಿ, ಯಾವ ಮನೆತನ. ಅಕ್ಕೋರು ಅದನ್ನು ಜಾವಾ ಕಲಿಸಲು ಬಳಸಿಕೊಂಡಿದ್ದರು. ಜಾವಾದಲ್ಲಿ ಕೆಲಸ ಮಾಡುವ ತುಣುಕಿಗೆ ಮೆಥಡ್ ಎನ್ನುತ್ತಾರೆ, ಅದು ಯಾವುದಾದರೊಂದು ಕ್ಲಾಸಿನೊಳಗೇ ಹುಟ್ಟಬೇಕು. ಆದ್ದರಿಂದ ಯಾವ ಮೆಥಡ್ ಎದುರಾದರೂ ಅದರ ಹೆಸರು, ಅದು ಹುಟ್ಟಿದ ಕ್ಲಾಸು, ಅದಕ್ಕೆ ಕೊಡಬೇಕಾದದ್ದು, ಅದರಿಂದ ಬರುವುದು, ಈ ನಾಲ್ಕನ್ನೂ ಕೇಳದೆ ಮುಂದೆ ಹೋಗುವಂತಿರಲಿಲ್ಲ.

ಇದೇ ಪ್ರಶ್ನೆಯನ್ನು ಅವರಿಗೆ ಯಾರಾದರೂ ಕೇಳಿದರೆ ಮಾತ್ರ ಉತ್ತರ ಸಿಗುತ್ತಿರಲಿಲ್ಲ. ಒಮ್ಮೆ ಸವದತ್ತಿಯ ಒಬ್ಬ ಹುಡುಗನನ್ನು ಸೇರಿಸಲು ಬಂದ ಅವನ ಸೋದರಮಾವ, ಬುದ್ಧನ ಚಿತ್ರದ ಕಡೆ ಒಂದು ಸಲ, ಅಕ್ಕೋರ ಕಡೆ ಒಂದು ಸಲ ನೋಡಿ ಕೇಳಿದ: "ಅಕ್ಕೋರ, ತಮ್ಮದು ಯಾರ ಪೈಕಿ ಆತ್ರಿ?"

"ನಮ್ಮದೇನ್ರಿ, ಕರೆಂಟ್ ಹೋದರ ಕುಂದ್ರೂ ಪೈಕಿ," ಎಂದರು ಅಕ್ಕೋರು. "ಚಾ ತಗೋತೀರೇನು? ಸಕ್ರಿ ಎಷ್ಟು ಹಾಕಲಿ?"

ಮಾವ ಚಹಾ ಕುಡಿದು, ಹುಡುಗನನ್ನು ಸೇರಿಸಿ ಹೋದ. ಅವನು ಮೆಟ್ಟಿಲಿಳಿದ ಮೇಲೆ ಅಕ್ಕೋರು ನಮ್ಮ ಕಡೆ ತಿರುಗಿದರು: "ಈ ಪ್ರಶ್ನೆ ಮನಷ್ಯಾರಿಗೆ ಕೇಳೂದು ಬಿಡ್ರಿ. ಮೆಥಡ್‌ಗೆ ಕೇಳ್ರಿ. ಎಷ್ಟ ಸಲಾ ಕೇಳಿದ್ರೂ ಅದಕ್ಕ ಬ್ಯಾಸರ ಬರಂಗಿಲ್ಲ."

ಮೆಥಡ್ ರೆಫರೆನ್ಸ್ ಕಲಿಸಿದ ದಿನದ ಪಾಠ ನಾನು ದಿನಾ ಬರೆಯುವ ದಿನಚರಿಯಲ್ಲಿದೆ. ಕ್ಲಾಸಿನ ಹೆಸರು, ಎರಡು ಜೋಡಿ ಚುಕ್ಕೆ, ಮೆಥಡ್‌ನ ಹೆಸರು, ಬರೆಯುವುದು ಇಷ್ಟೇ. ಹಾಗೆ ಬರೆದರೆ ಮೆಥಡ್ ಆಗಲೇ ಕೆಲಸ ಮಾಡುವುದಿಲ್ಲ, ಬೇಕಾದಾಗ ಕರೆಯಲು ಅದರ ಗುರುತನ್ನು ಇನ್ನೊಬ್ಬರ ಕೈಗೆ ಕೊಟ್ಟಂತಾಗುತ್ತದೆ. "ಡ್ರೈವರ್‌ನ ಮನಿಗೆ ಕರಕೊಂಡು ಬರೂದಲ್ಲ ಇದು," ಎಂದಿದ್ದರು. "ಅವನ ನಂಬರ್ ಬರಕೊಂಡು ಕಿಸೇದಾಗ ಇಟಗೊಳ್ಳೂದು."

ತೊಂದರೆ ಏನೆಂದರೆ, ಕಿಸೆಯಲ್ಲಿಟ್ಟ ಮೇಲೆ ಅದು ಯಾರ ನಂಬರು ಎಂದು ಗೊತ್ತಾಗುವುದಿಲ್ಲ. ಪರದೆಯ ಮೇಲೆ ಅಚ್ಚು ಮಾಡಿಸಿದರೆ ಡಾಲರ್ ಚಿಹ್ನೆ, ಲ್ಯಾಮ್ಡಾ ಎಂಬ ಪದ, ಒಂದಿಷ್ಟು ಅಂಕಿ ಬರುತ್ತವೆ, ಹೆಸರು ಬರುವುದಿಲ್ಲ. ಬಾಯಿ ಬಿಡಿಸಬೇಕೆಂದರೆ ಅದನ್ನು ಹಿಡಿದಿಡುವ ಚೌಕಟ್ಟನ್ನು, ಎಂದರೆ ಅದರ ಇಂಟರ್‌ಫೇಸನ್ನು, ಸೀರಿಯಲೈಸಬಲ್ (ಫೈಲಿಗೆ ಬರೆದಿಡಬಹುದಾದದ್ದು) ಎಂದು ಮೊದಲೇ ಗುರುತಿಸಿರಬೇಕು. ಆಗ ಒಳಗೆ ರೈಟ್‌ರಿಪ್ಲೇಸ್ ಎಂಬ ಒಂದು ಖಾಸಗಿ ಮೆಥಡ್ ಅಡಗಿ ಕುಳಿತಿರುತ್ತದೆ. ರಿಫ್ಲೆಕ್ಷನ್‌ನಿಂದ, ಎಂದರೆ ಓಡುತ್ತಿರುವ ಪ್ರೋಗ್ರಾಂ ತನ್ನೊಳಗನ್ನು ತಾನೇ ತೆರೆದು ನೋಡುವ ದಾರಿಯಿಂದ, ಅದನ್ನು ಕರೆದರೆ ನಿಜವಾದ ಕ್ಲಾಸು, ನಿಜವಾದ ಹೆಸರು ಎರಡೂ ಹೊರಗೆ ಬರುತ್ತವೆ. ಅಕ್ಕೋರು ಇದಕ್ಕಾಗಿ ಹದಿನೆಂಟು ಸಾಲಿನ ಒಂದು ಚಿಕ್ಕ ಪ್ರೋಗ್ರಾಂ ಬರೆದಿಟ್ಟಿದ್ದರು. ಅದರ ಹೆಸರು "ಪೈಕಿ".

ಜಾವಾದಲ್ಲಿ ಮೆಥಡ್‌ಗೆ ಹೆಸರಿಡದೆ, ಬೇಕಾದ ಕಡೆಯಲ್ಲೇ ಸಾಲುಗಳನ್ನು ಗೀಚಿಬಿಡುವ ಪದ್ಧತಿಯೂ ಇದೆ. ಅದಕ್ಕೇ ಲ್ಯಾಮ್ಡಾ ಎನ್ನುವುದು. ಸೆಂಟರಿನಲ್ಲಿ ನಮಗೆ ಅದನ್ನು ಬರೆಯಲು ಅಪ್ಪಣೆ ಇರಲಿಲ್ಲ. "ನಾಳೆ ಎಡವಟ್ಟಾದರ ಯಾರ್ನ ಕರೀಲಿ?" ಎಂದು ಕೇಳಿ ಅಕ್ಕೋರು ನೋಟ್‌ಬುಕ್ಕನ್ನು ಹಿಂದಕ್ಕೆ ಕೊಡುತ್ತಿದ್ದರು.

ಎಡವಟ್ಟು ಡಿಸೆಂಬರ್‌ನಲ್ಲಿ ಆಯಿತು.

ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಮಾಲೀಕರ ಒಂದು ಗುಂಪಿತ್ತು. ಯಾರ ಹೊಲಕ್ಕೆ ಯಾವತ್ತು ಕಡಿಯುವ ಗ್ಯಾಂಗ್ ಮತ್ತು ಟ್ರ್ಯಾಕ್ಟರ್ ಬರುತ್ತವೆ ಎಂಬ ಪಾಳಿಯನ್ನು ರೈತರ ಫೋನಿಗೆ ತಿಳಿಸುವ ಪ್ರೋಗ್ರಾಂ ಅನ್ನು ನಮ್ಮ ಸೆಂಟರ್ ಅವರಿಗೆ ಮಾಡಿಕೊಟ್ಟಿತ್ತು. "ನಾಳೆ ನಿಮ್ಮ ಪಾಳಿ", "ಪಾಳಿ ಮುಂದೆ ಹೋಗಿದೆ", ಹೀಗೆ ಒಂಬತ್ತು ಬಗೆಯ ಸಂದೇಶ, ಒಂದೊಂದಕ್ಕೆ ಒಂದೊಂದು ಮೆಥಡ್ ರೆಫರೆನ್ಸ್. ಆ ಒಂಬತ್ತರ ಪಟ್ಟಿಯನ್ನು ಬರೆದವಳು ನಾನು. ಪ್ರೋಗ್ರಾಂ ಓಡುತ್ತಿದ್ದ ಕಂಪ್ಯೂಟರ್ ಆ ಗುಂಪಿನ ಕಚೇರಿಯಲ್ಲಿತ್ತು. ಕೋಣೆಯ ಕೀಲಿ ಪಕ್ಕದ ಚಹಾ ಅಂಗಡಿಯಲ್ಲಿರುತ್ತಿತ್ತು. ಆ ಕಡೆ ಹೋದ ನಮ್ಮವರು ಯಾರಾದರೂ ಕೀಲಿ ಕೇಳಿ ಒಳಗೆ ಹೋಗಿ ನೋಡಿ ಬರಬಹುದಿತ್ತು.

ಒಂದು ಭಾನುವಾರ, "ನಾಳೆ ನಿಮ್ಮ ಪಾಳಿ" ಎಂಬ ಸಂದೇಶ ಬರಬೇಕಿದ್ದ ದೇಗಾಂವ ಕಡೆಯ ಏಳು ರೈತರಿಗೆ "ಪಾಳಿ ಮುಂದೆ ಹೋಗಿದೆ" ಎಂದು ಬಂತು. ಸೋಮವಾರ ಬೆಳಿಗ್ಗೆ ಗ್ಯಾಂಗ್ ಏಳೂ ಹೊಲಗಳಿಗೆ ಹೋಗಿ ನಿಂತರೆ ಒಡೆಯರೇ ಇಲ್ಲ. ಒಬ್ಬರು ರಾಮದುರ್ಗದಲ್ಲಿ ಬೀಗರ ಮನೆಯಲ್ಲಿದ್ದರು. "ತಾಟಿನಾಗ ಹೋಳಗಿ ಐತಿ, ಹೊಲದಾಗ ಗ್ಯಾಂಗ್ ಐತಿ, ನಾ ಯಾವದನ್ನ ಬಿಡ್ಲಿ?" ಎಂದು ಫೋನಿನಲ್ಲೇ ಕೂಗಾಡಿದರಂತೆ. ಗ್ಯಾಂಗಿನವರು ಅರ್ಧ ದಿನ ಬದುವಿನ ಮೇಲೆ ಕುಳಿತು ಎದ್ದು ಹೋದರು. ಗುಂಪಿನ ಅಧ್ಯಕ್ಷರು ಪಟ್ಟಿ ಯಾರದೆಂದು ವಿಚಾರಿಸಿ ನೇರವಾಗಿ ನಮ್ಮಪ್ಪನಿಗೆ ಫೋನ್ ಮಾಡಿದರು.

ಅಪ್ಪ ಬೈಯಲಿಲ್ಲ. ಊಟ ಮುಗಿಸಿ ಕೈ ತೊಳೆದು ಹೇಳಿದ: "ಬ್ಯಾಡವಾ. ಮಂದಿ ಕೆಲಸದಾಗ ಕೈ ಹಾಕಿ ಮಾತು ಕೇಳೂದು ನಮಗ ಬೇಕಾಗಿಲ್ಲ. ನಾಳಿಂದ ಸೆಂಟರಿಗೆ ಹೋಗಬ್ಯಾಡ."

ನಾನು ಸೇರಿ ಆಗ ನಾಲ್ಕು ತಿಂಗಳು ಹನ್ನೊಂದು ದಿನ. ನನ್ನ ಬಳಿಯಿದ್ದ ಪ್ರೋಗ್ರಾಂನ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಒಂಬತ್ತು ಸಲ ಓದಿದೆ. ತಪ್ಪು ಕಾಣಲಿಲ್ಲ. ಕಾಣದಿದ್ದದ್ದಕ್ಕೇ ಹೆಚ್ಚು ಹೆದರಿಕೆಯಾಯಿತು.

ಸುದ್ದಿ ಮುಟ್ಟಿದ ಅಕ್ಕೋರು ಅಂದು ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ನಾಳೆ ಒಂದು ದಿನ ಮಗಳನ್ನ ಎಂ.ಕೆ. ಹುಬ್ಬಳ್ಳಿಗೆ ಕರಕೊಂಡು ಬರ್ರಿ. ಆಕಿದು ತಪ್ಪಿದ್ರ ನಾನ ಆಕೀನ್ನ ಮನಿಗೆ ಕಳಸ್ತೇನಿ. ಇರದಿದ್ರ ನೀವು ಕಳಸಬೇಕು, ಸೆಂಟರಿಗೆ. ಒಪ್ಪಿಗಿ ಐತೇನ್ರಿ?"

"ಐತ್ರಿ," ಎಂದ ಅಪ್ಪ.

ಮಂಗಳವಾರ 11:20ಕ್ಕೆ ನಾವು ಕಚೇರಿಯಲ್ಲಿದ್ದೆವು: ಅಧ್ಯಕ್ಷರು, ಇಬ್ಬರು ಡ್ರೈವರುಗಳು, ಅಪ್ಪ, ಅಕ್ಕೋರು, ನಾನು. ನಾನು ತಂದಿದ್ದ ಪ್ರತಿಯನ್ನು ಅಕ್ಕೋರು ತೆರೆಯಲೇ ಇಲ್ಲ.

"ಬರದದ್ದನ್ನ ಓದಿ ಏನ್ ಮಾಡ್ತಿ? ಓಡೂದನ್ನ ಕೇಳಬೇಕು," ಎಂದು ಆ ಕಂಪ್ಯೂಟರಿನಲ್ಲೇ "ಪೈಕಿ" ಪ್ರೋಗ್ರಾಂ ಹಚ್ಚಿದರು.

"ಯಾರ್ನ ಕೇಳ್ತೀರಿ ಅಕ್ಕೋರ, ಇದರಾಗ ಯಾರದಾರ?" ಎಂದ ಒಬ್ಬ ಡ್ರೈವರ್.

"ಒಂಬತ್ತು ಮಂದಿ ಅದಾರ. ಒಬ್ಬೊಬ್ಬರ ಹೆಸರು ಹೇಳ್ತಾರ, ಎಣಸರಿ."

ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಬಂದವು. ಎಂಟು ಸಾಲುಗಳಲ್ಲಿ ನಾನು ಇಟ್ಟ ಹೆಸರುಗಳು, ನಾನು ಬರೆದ ಕ್ಲಾಸು. "ನಾಳೆ ನಿಮ್ಮ ಪಾಳಿ" ಎಂಬುದರ ಎದುರಿಗೆ ಮಾತ್ರ ನನ್ನ ಮೆಥಡ್ ಇರಲಿಲ್ಲ. ಅಲ್ಲಿ ಲ್ಯಾಮ್ಡಾ ಎಂಬ ಪದ, ಒಂದು ಅಂಕಿ, "ತಾತ್ಪೂರ್ತಿಕ" (ಸದ್ಯದ ಮಟ್ಟಿಗೆ) ಎಂಬ ನಾನು ಎಂದೂ ಕೇಳಿರದ ಒಂದು ಕ್ಲಾಸಿನ ಹೆಸರು. ಯಾರೋ ಪ್ರಯೋಗಕ್ಕೆಂದು "ಪಾಳಿ ಮುಂದೆ ಹೋಗಿದೆ" ಎಂದು ಕಳಿಸುವ, ಹೆಸರಿಲ್ಲದ ಎರಡು ಸಾಲು ಗೀಚಿ, ನನ್ನದನ್ನು ತೆಗೆದು ಅದನ್ನು ಅಲ್ಲಿ ಸೇರಿಸಿ, ಹಿಂದಕ್ಕೆ ತೆಗೆಯುವುದನ್ನು ಮರೆತಿದ್ದರು. ಆ ಎರಡು ಸಾಲಿದ್ದ ಫೈಲು ಆ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

"ಈ ಹುಡುಗಿ ಲ್ಯಾಮ್ಡಾ ಬರ್ಯಾಂಗಿಲ್ಲ. ನಮ್ಮ ಸೆಂಟರಿನಾಗ ಯಾರೂ ಬರ್ಯಾಂಗಿಲ್ಲ, ನಾ ಬರೀಲಿಕ್ಕೆ ಬಿಡಂಗಿಲ್ಲ," ಎಂದರು ಅಕ್ಕೋರು. ಫೈಲಿನ ವಿವರವನ್ನು ತೆರೆದು ನೋಡಿದರು. ನಾನು ಅದರ ದಿನ, ಸಮಯವನ್ನು ದಿನಚರಿಯಲ್ಲಿ ಬರೆದುಕೊಂಡೆ. ಅವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು.

"ಇದು ನಂದು. ಅವಸರದಾಗ ನಾನ ಬರದು ಹಂಗ ಬಿಟ್ಟೇನಿ. ಅಧ್ಯಕ್ಷರ, ಬೈಯೂದಿದ್ರ ನನಗ ಬೈರಿ. ಆ ಏಳೂ ಮಂದಿಗೆ ನಾನ ಫೋನ್ ಮಾಡ್ತೇನಿ."

ಅಧ್ಯಕ್ಷರು ಅವರ ಕಡೆ ತಿರುಗಿ ಕೇಳಿದರು: "ಅಲ್ರಿ ಅಕ್ಕೋರ, ಮಂದಿಗೆ ಬ್ಯಾಡ ಅಂದದ್ದನ್ನ ನೀವ ಮಾಡೂದೇನ್ರಿ?"

"ನಾನೂ ಮನಷ್ಯಾಳ ಅದೇನ್ರಿ. ಹಲಗಿ ಮ್ಯಾಲೆ ಬರದಷ್ಟು ಸುದ್ದ ಇಲ್ಲ."

ಡ್ರೈವರುಗಳು ನಕ್ಕರು. ಕೊನೆಗೆ ಅಧ್ಯಕ್ಷರೂ ನಕ್ಕು ಚಹಾ ತರಿಸಿದರು. ಅಕ್ಕೋರು ಅಲ್ಲಿಯೇ ಕುಳಿತು ಏಳು ರೈತರಿಗೂ ಫೋನ್ ಮಾಡಿ ಕ್ಷಮೆ ಕೇಳಿದರು. ಹೋಳಿಗೆಯವರು ಮಾತ್ರ ಹದಿನಾರು ನಿಮಿಷ ಬೈದರು. ಅಕ್ಕೋರು "ಹೌದ್ರಿ", "ಖರೇ ಐತ್ರಿ" ಎನ್ನುತ್ತ ಪೂರ್ತಿ ಕೇಳಿಸಿಕೊಂಡರು.

ತಿರುಗಿ ಬರುವಾಗ ಬಸ್ಸು ಕಿತ್ತೂರು ದಾಟಿದ ಮೇಲೆ ಅಪ್ಪ ಟಿಕೆಟ್ ಮಡಚಿ ಕಿಸೆಗೆ ಹಾಕಿಕೊಂಡ. ಆಮೇಲೆ ಹೇಳಿದ: "ನಾಲ್ಕು ಗಂಡಸರ ಮುಂದ ನಿಂತು ನಂದು ಅಂದ್ರಲ್ಲ ಅವರು. ನೀ ಹೋಗವಾ. ಅವರ ಕಡೆ ಕಲಿ."

ಹೋದೆ. ಆ ವರ್ಷ ನಾವು ಹನ್ನೊಂದು ಮಂದಿಯೂ ಕೋರ್ಸ್ ಮುಗಿಸಿದೆವು, ಒಬ್ಬರೂ ಬಿಟ್ಟು ಹೋಗಲಿಲ್ಲ. ಟ್ರ್ಯಾಕ್ಟರ್ ಗುಂಪಿನ ಪ್ರೋಗ್ರಾಂ ಅನ್ನು ಈಗ ನಾನೇ ನೋಡಿಕೊಳ್ಳುತ್ತೇನೆ, ಮೂರು ಹಂಗಾಮು ಆಯಿತು. ಅದರಲ್ಲಿ ಈಗ ಹದಿನಾಲ್ಕು ರೆಫರೆನ್ಸ್ ಇವೆ. ಪ್ರತಿ ಸೋಮವಾರ "ಪೈಕಿ" ಹಚ್ಚಿ ಎಲ್ಲವನ್ನೂ ಮಾತಾಡಿಸುತ್ತೇನೆ.

ಈ ಫೆಬ್ರವರಿಯಲ್ಲಿ ಅಕ್ಕೋರು ತೀರಿಕೊಂಡರು. ಐದು ದಿನದ ಜ್ವರ. ನಾಲ್ಕನೆಯ ದಿನ ನೋಡಲು ಹೋದಾಗ, ಆಸ್ಪತ್ರೆಯ ಕಂಪ್ಯೂಟರ್ ನಿಧಾನವಾಗಿದೆ, ನೋಡಿ ಬಾ ಎಂದು ನನ್ನನ್ನು ಓಡಿಸಿದ್ದರು.

ಸೆಂಟರಿನಲ್ಲಿ ಕಲಿತವರೆಲ್ಲ ಓದುವಂತೆ ಅವರ ಬಗ್ಗೆ ಬರೆಯಬೇಕೆಂದು ಕಳೆದ ವಾರ ಹಳೆಯ ದಿನಚರಿ ತೆಗೆದೆ. ಆ ಮಂಗಳವಾರ ಬರೆದುಕೊಂಡ ಫೈಲಿನ ಸಮಯ ಸಿಕ್ಕಿತು: ಹಿಂದಿನ ಶನಿವಾರ, ಮಧ್ಯಾಹ್ನ 2:14. ಸುಮ್ಮನೆ ಆ ಶನಿವಾರದ ಪುಟವನ್ನೂ ತಿರುವಿದೆ. ಅಂದು ಸೆಂಟರಿನಲ್ಲಿ ಪರೀಕ್ಷೆ ಇತ್ತು. ನನ್ನ ಕೈಬರಹದಲ್ಲೇ ಇದೆ: "ಅಕ್ಕೋರು 10ರಿಂದ 5ರವರೆಗೆ ಕದಲಲಿಲ್ಲ. ಹಾಜರು ಎಂಟು, ಗೈರು ಮೂರು. ನನಗೆ 50ಕ್ಕೆ 41."

ಎಂ.ಕೆ. ಹುಬ್ಬಳ್ಳಿಯ ಆ ಕಂಪ್ಯೂಟರಿನ ಗಡಿಯಾರವೇ ತಪ್ಪಿರಬಹುದು ಎಂದುಕೊಂಡೆ. ಆದರೆ ಅದನ್ನೂ ಅಂದೇ ನನ್ನ ಕೈಗಡಿಯಾರದ ಜೊತೆ ಹೋಲಿಸಿ ಬರೆದಿದ್ದೇನೆ, ಎರಡು ನಿಮಿಷ ಮುಂದಿತ್ತು, ಅಷ್ಟೇ. ಅಂದರೆ ಆ ಎರಡು ಸಾಲು ಅಕ್ಕೋರು ಬರೆದದ್ದಲ್ಲ. ಫೈಲಿನ ಸಮಯ ಅವರ ಕಣ್ಣೆದುರಿಗೇ ಇತ್ತು. ಆ ಹೊತ್ತಿಗೆ ತಾವು ಬೈಲಹೊಂಗಲದಲ್ಲಿ ಪರೀಕ್ಷೆ ನಡೆಸುತ್ತಿದ್ದುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೈರಾದ ಮೂವರು ಯಾರೆಂಬುದೂ ಗೊತ್ತಿತ್ತು. ನನ್ನನ್ನು ಬಿಡಿಸಲು ಆ ಮೂವರಲ್ಲಿ ಒಬ್ಬರನ್ನು ಹಿಡಿದುಕೊಟ್ಟಿದ್ದರೆ, ಅವರ ಮನೆಯಲ್ಲೂ ಯಾರೋ ಕೈ ತೊಳೆದು "ನಾಳಿಂದ ಬ್ಯಾಡ" ಎನ್ನುತ್ತಿದ್ದರು.

ಆ ಮೂರು ಹೆಸರು ನನ್ನ ದಿನಚರಿಯಲ್ಲಿವೆ. ಇಲ್ಲಿ ಬರೆಯುವುದಿಲ್ಲ. ಮೂವರಲ್ಲಿ ಯಾರೂ ಹೆದರಬೇಕಾಗಿಲ್ಲ, ದೇಗಾಂವದ ಆ ಏಳೂ ಹೊಲಗಳ ಕಬ್ಬು ಅದೇ ವಾರ ಕಡಿದು ಹೋಯಿತು. ಆ ಎರಡು ಸಾಲು ಬರೆದವರು ಇದನ್ನು ಓದುತ್ತಿದ್ದರೆ, ನನಗೆ ನಿಮ್ಮಿಂದ ತಿಳಿಯಬೇಕಾಗಿರುವುದು ಇಷ್ಟೇ: ಅಕ್ಕೋರು ಆಮೇಲೆ ನಿಮ್ಮನ್ನು ಕರೆದು ಏನಾದರೂ ಹೇಳಿದರೇ? ಅಥವಾ ನನಗೆ ಹೇಳದ ಹಾಗೆಯೇ ನಿಮಗೂ ಏನೂ ಹೇಳದೆ ಪಾಠ ಮುಂದುವರಿಸಿದರೇ? ನಮಗಿಂತ ಮೊದಲು ಆ ಹತ್ತೊಂಬತ್ತು ಮೆಟ್ಟಿಲು ಹತ್ತಿದವರಲ್ಲೂ ಯಾರ ತಪ್ಪನ್ನಾದರೂ ಅವರು ಹೀಗೆ ತಮ್ಮದೆಂದು ಒಪ್ಪಿಕೊಂಡದ್ದು ಗೊತ್ತಿದ್ದರೆ ಅದನ್ನೂ ಬರೆದು ಕಳಿಸಿ. ಲೆಕ್ಕ ಇಡುವ ಅಭ್ಯಾಸ ನನಗಿದೆ, ಸದ್ಯಕ್ಕೆ ಒಂದು ಎಂದು ಬರೆದುಕೊಂಡಿದ್ದೇನೆ. ಹೆಸರು ಹಾಕದೆ ಕಳಿಸಿದರೂ ಸೇರಿಸಿಕೊಳ್ಳುತ್ತೇನೆ.